ಮುಖ ಕಾಣದ ಮೈತ್ರಿ

1879ರಲ್ಲಿ ಅಮೆರಿಕದಲ್ಲಿ ‘ವೈರ್ಡ್ ಲವ್’ ಎಂಬ ಕಾದಂಬರಿಯೊಂದು ಪ್ರಕಟವಾಯಿತು. ಅದನ್ನು ಬರೆದವರು ಎಲಾ ಚೀವರ್ ಥೇಯರ್. ಬಾಸ್ಟನ್ ನಗರದ ಹೋಟೆಲೊಂದರ ತಂತಿ ಕಚೇರಿಯಲ್ಲಿ ದುಡಿದ ಮಹಿಳೆ. ಕಾದಂಬರಿಯ ನಾಯಕಿ ನ್ಯಾಟಿಯೂ ತಂತಿ ಕಚೇರಿಯ ಉದ್ಯೋಗಿಯೇ. ಅದೇ ತಂತಿಯ ಇನ್ನೊಂದು ತುದಿಯಲ್ಲಿ, ಬೇರೊಂದು ಊರಿನ ಕಚೇರಿಯಲ್ಲಿ, ‘ಸಿ’ ಎಂಬ ಒಂದೇ ಅಕ್ಷರದಿಂದ ತನ್ನನ್ನು ಸೂಚಿಸಿಕೊಳ್ಳುವ ವ್ಯಕ್ತಿಯೊಡನೆ ಕೆಲಸದ ಬಿಡುವಿನಲ್ಲಿ ಆಕೆಯ ಮಾತುಕತೆ ಮೊದಲಾಗುತ್ತದೆ. ಆ ವ್ಯಕ್ತಿ ಗಂಡೋ ಹೆಣ್ಣೋ ಎಂಬುದು ಕೂಡ ಮೊದಮೊದಲು ಆಕೆಗೆ ತಿಳಿಯದು. ಚುಕ್ಕೆ ಗೆರೆಗಳ ಆ ಸಂಭಾಷಣೆ ದಿನಗಳೆದಂತೆ ಸ್ನೇಹವಾಗಿ, ಸ್ನೇಹವು ಅನುರಾಗದ ಹೊಸ್ತಿಲಿಗೆ ಬಂದು ನಿಲ್ಲುತ್ತದೆ.

ಆ ಹೊತ್ತಿಗೆ ಒಂದು ದಿನ ಕೆಂಗೂದಲಿನ ಒರಟನೊಬ್ಬನು ಕಚೇರಿಗೆ ಬಂದು ತಾನೇ ‘ಸಿ’ ಎಂದು ಪರಿಚಯಿಸಿಕೊಳ್ಳುತ್ತಾನೆ. ತಲೆಗೆ ಬಳಿದ ಎಣ್ಣೆ, ಮೂಗಿಗಡರುವ ಕಸ್ತೂರಿಯ ವಾಸನೆ, ಅಗ್ಗದ ಆಭರಣ, ಒಡ್ಡು ಮಾತು. ನ್ಯಾಟಿಗೆ ಜುಗುಪ್ಸೆಯಾಗುತ್ತದೆ; ತಂತಿಯ ಸ್ನೇಹಕ್ಕೆ ಅಂದೇ ತೆರೆ ಬೀಳುತ್ತದೆ. ಬಂದವನು ‘ಸಿ’ ಅಲ್ಲ, ಅವರಿಬ್ಬರ ಮಾತನ್ನು ಕದ್ದು ಆಲಿಸಿದ್ದ ವಂಚಕನೆಂಬುದು ಬಳಿಕ ತಿಳಿದುಬರುತ್ತದೆ. ನಿಜವಾದ ‘ಸಿ’ ಆಕೆಯನ್ನು ಸಂಧಿಸಿದ ಮೇಲೂ ಕಥೆ ಮುಗಿಯುವುದಿಲ್ಲ. ಒಂದೇ ವಸತಿಗೃಹದಲ್ಲಿ ವಾಸಿಸತೊಡಗಿದ ಇಬ್ಬರೂ ತಮ್ಮ ತಮ್ಮ ಕೋಣೆಗಳ ನಡುವೆ ತಂತಿಯೊಂದನ್ನು ಎಳೆದುಕೊಂಡು ಅದರ ಮೂಲಕವೇ ಹರಟುತ್ತಾರೆ. ಎದುರಿಗೆ ಕುಳಿತಾಗ ತಡವರಿಸುವ ನಾಲಗೆ ತಂತಿಯ ಮೇಲೆ ಸರಾಗವಾಗಿ ಓಡುತ್ತದೆ.

ಇದು ಕೇವಲ ಕಲ್ಪನೆಯಲ್ಲ. 1844ರಲ್ಲಿ ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ಮೋರ್ಸನ ಮೊದಲ ಸಾರ್ವಜನಿಕ ಸಂದೇಶ ಹೋದ ಬಳಿಕ ಕೆಲವೇ ದಶಕಗಳಲ್ಲಿ ತಂತಿ ಕಚೇರಿಯವರದೇ ಒಂದು ಲೋಕ ರೂಪುಗೊಂಡಿತ್ತು. ಸಂದೇಶ ಕಳುಹಿಸುವ ಕೈಯ ಗತಿಯಿಂದಲೇ ಅತ್ತ ಕುಳಿತವರು ಯಾರೆಂದು ಅವರು ಗುರುತಿಸುತ್ತಿದ್ದರು. ನಾವು ಧ್ವನಿಯಿಂದ ಆಪ್ತರನ್ನು ಗುರುತಿಸುವಂತೆ ಅವರು ಬೆರಳಿನ ಲಯದಿಂದ ಗುರುತಿಸುತ್ತಿದ್ದರು. ನಮ್ಮ ನಾಡಿನಲ್ಲಿ ತಂತಿ ಎಂದರೆ ಬೇರೆಯೇ ಭಾವ. ಅಂಚೆಯವನು ತಂತಿ ತಂದನೆಂದರೆ ಮನೆಮಂದಿಯ ಎದೆ ನಡುಗುತ್ತಿತ್ತು, ಏಕೆಂದರೆ ಅದು ಬಹುಪಾಲು ಸಾವುನೋವುಗಳ ಸುದ್ದಿಯನ್ನೇ ಹೊತ್ತು ಬರುತ್ತಿತ್ತು. (2013ರ ಜುಲೈಯಲ್ಲಿ ಭಾರತದಲ್ಲಿ ಆ ಸೇವೆಯೇ ನಿಂತುಹೋಯಿತು.) ಆದರೆ ಅದನ್ನು ಬಡಿಯುತ್ತಿದ್ದವರ ಪಾಲಿಗೆ ತಂತಿ ಸಂಗಾತಿಯೂ ಆಗಿತ್ತು. ಯೌವನದಲ್ಲಿ ತಂತಿ ಕಚೇರಿಗಳಲ್ಲಿ ದುಡಿದ ಥಾಮಸ್ ಎಡಿಸನ್, ಮೀನಾ ಮಿಲ್ಲರ್ ಎಂಬ ತರುಣಿಗೆ ಮೋರ್ಸ್ ಸಂಕೇತವನ್ನು ಕಲಿಸಿ, ಆಕೆಯ ಅಂಗೈಯ ಮೇಲೆ ಬೆರಳಿನಿಂದ ಬಡಿದು ವಿವಾಹದ ಪ್ರಸ್ತಾಪ ಮಾಡಿದನೆಂದು ಪ್ರಸಿದ್ಧಿ. 1886ರಲ್ಲಿ ಅವರ ಮದುವೆಯಾಯಿತು. ಪಕ್ಕದಲ್ಲಿಯೇ ಇದ್ದವಳೊಡನೆ ಮಾತನಾಡಲು ಆತ ದೂರದ ಭಾಷೆಯನ್ನು ಆಶ್ರಯಿಸಿದ್ದು ಗಮನಾರ್ಹ.

ಹಾಗಾದರೆ ಪರಸ್ಪರ ಮುಖ ನೋಡಿ ಬೆಳೆಯುವ ಸ್ನೇಹವೇ ವಿವೇಕದ ಆಯ್ಕೆ, ಮುಖ ಕಾಣದೆ ಹುಟ್ಟುವ ಸ್ನೇಹ ಕುರುಡು ಮೋಹ ಎಂಬ ಸಾಮಾನ್ಯ ಭಾವನೆಯನ್ನು ಹಾಗೆಯೇ ಒಪ್ಪಬಹುದೆ? ಈ ಪ್ರಶ್ನೆಗೆ ಮನೋವಿಜ್ಞಾನದ ಇತಿಹಾಸ ಕೊಡುವ ಉತ್ತರ ಸರಳವಾಗಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯು ವಿವಾಹಿತ ವಿದ್ಯಾರ್ಥಿಗಳಿಗಾಗಿ ವೆಸ್ಟ್‌ಗೇಟ್ ಎಂಬ ವಸತಿ ಸಮುಚ್ಚಯವನ್ನು ನಿರ್ಮಿಸಿತು. ಸೈನ್ಯದಿಂದ ಮರಳಿ ಓದಲು ಬಂದವರು ಪತ್ನಿ ಮಕ್ಕಳೊಡನೆ ಅಲ್ಲಿ ನೆಲೆಸಿದರು. ಯಾರಿಗೆ ಯಾವ ಮನೆ ಎಂಬುದು ಅವರ ಇಚ್ಛೆಗೆ ಸೇರಿದ್ದಲ್ಲ; ಮನೆ ತೆರವಾದಂತೆ ಸರದಿಯ ಪ್ರಕಾರ ದೊರೆಯುತ್ತಿತ್ತು. ಲಿಯಾನ್ ಫೆಸ್ಟಿಂಗರ್, ಸ್ಟ್ಯಾನ್ಲಿ ಶಾಕ್ಟರ್, ಕರ್ಟ್ ಬ್ಯಾಕ್ ಎಂಬ ಮೂವರು ವಿದ್ವಾಂಸರು ಅಲ್ಲಿನ ನಿವಾಸಿಗಳನ್ನು, ‘ನಿಮ್ಮ ಆಪ್ತ ಮಿತ್ರರು ಯಾರು?’ ಎಂದು ವಿಚಾರಿಸಿ, 1950ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಒಂದೇ ಅಂತಸ್ತಿನಲ್ಲಿ ಪಕ್ಕದ ಮನೆಯವರನ್ನು ಮಿತ್ರರೆಂದು ಹೆಸರಿಸುವ ಸಂಭವ 41 ಪ್ರತಿಶತ. ಒಂದು ಮನೆ ಬಿಟ್ಟು ಆಚೆ ಇರುವವರನ್ನು 22 ಪ್ರತಿಶತ. ಅದೇ ಅಂತಸ್ತಿನ ಇನ್ನೊಂದು ತುದಿಯವರನ್ನು ಕೇವಲ 10 ಪ್ರತಿಶತ. ಮೆಟ್ಟಿಲುಗಳ ಬಳಿ ಮನೆ ಇದ್ದವರಿಗೆ ಮೇಲಂತಸ್ತಿನ ಸ್ನೇಹವೂ ಹೆಚ್ಚು ಲಭಿಸಿತ್ತು. ಗುಣ ನೋಡಿ ಗೆಳೆತನ ಮಾಡಿದೆವೆಂದು ನಂಬಿದವರ ಗೆಳೆತನವನ್ನು ಬಹುಮಟ್ಟಿಗೆ ಬಾಗಿಲುಗಳೂ ಮೆಟ್ಟಿಲುಗಳೂ ನಿರ್ಧರಿಸಿದ್ದವು! ನಮ್ಮ ವಠಾರಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಸಾಮೀಪ್ಯವು ಸ್ನೇಹವನ್ನು ಕೊಡುತ್ತದೆ, ಆದರೆ ಮನಸ್ಸನ್ನು ಬಿಚ್ಚಿಡುವ ಧೈರ್ಯವನ್ನು ಯಾವಾಗಲೂ ಕೊಡುವುದಿಲ್ಲ. ಜರ್ಮನಿಯ ಸಮಾಜಶಾಸ್ತ್ರಜ್ಞ ಗಿಯಾರ್ಗ್ ಜಿಮ್ಮೆಲ್ 1908ರಷ್ಟು ಹಿಂದೆಯೇ ಇದನ್ನು ಕಂಡಿದ್ದರು: ಹತ್ತಿರದವರಿಂದ ಎಚ್ಚರದಿಂದ ಮುಚ್ಚಿಟ್ಟ ಸಂಗತಿಯನ್ನು ಜನರು ಹೊರಗಿನಿಂದ ಬಂದ ಅಪರಿಚಿತನ ಮುಂದೆ ತೆರೆದಿಡುತ್ತಾರೆ. ರೈಲಿನಲ್ಲಿ ಎದುರು ಕುಳಿತ ಸಹಯಾತ್ರಿಕನಿಗೆ ಮನೆಯ ಕಷ್ಟವನ್ನೆಲ್ಲ ಹೇಳಿಕೊಂಡು ಹಗುರಾಗುವವರು ಇಲ್ಲವೆ? ಆತ ಮುಂದಿನ ನಿಲ್ದಾಣದಲ್ಲಿ ಇಳಿದುಹೋಗುತ್ತಾನೆ. ಊರಿಗೆ ಬಂದು ಆಡಿಕೊಳ್ಳುವುದಿಲ್ಲ. ಕೆನ್ನೆತ್ ಗರ್ಗೆನ್ ಮತ್ತು ಸಹವಿದ್ವಾಂಸರು 1973ರಲ್ಲಿ ವರದಿ ಮಾಡಿದ ಒಂದು ಪ್ರಯೋಗವೂ ಇದೇ ಜಾತಿಯದು. ಪರಸ್ಪರ ಪರಿಚಯವೇ ಇಲ್ಲದವರನ್ನು ಅವರು ಪೂರ್ಣ ಕತ್ತಲೆಯ ಕೋಣೆಯಲ್ಲಿ ಒಂದು ಗಂಟೆ ಕೂರಿಸಿದರು. ಬೆಳಕಿನ ಕೋಣೆಯಲ್ಲಿದ್ದವರು ಲೋಕಾಭಿರಾಮ ಮಾತಿನಲ್ಲಿಯೇ ಹೊತ್ತು ಕಳೆದರೆ, ಕತ್ತಲೆಯಲ್ಲಿದ್ದವರು ಬೇಗನೆ ಅಂತರಂಗದ ಮಾತಿಗೆ ಇಳಿದರು. ಹೊರಡುವಾಗಲೂ ಪರಸ್ಪರ ಮುಖ ನೋಡುವ ಪ್ರಸಂಗ ಬಾರದೆಂಬ ಭರವಸೆ ಅವರಿಗಿತ್ತು.

ಆದರೂ ಗಣಕಯಂತ್ರಗಳು ಮನುಷ್ಯರ ನಡುವೆ ಮಾತಿನ ಸಾಧನಗಳಾಗತೊಡಗಿದಾಗ ಪಂಡಿತರ ಮೊದಲ ಅಭಿಪ್ರಾಯ ನಿರಾಶೆಯದಾಗಿತ್ತು. 1976ರಲ್ಲಿ ಜಾನ್ ಶಾರ್ಟ್, ಎಡೆರಿನ್ ವಿಲಿಯಮ್ಸ್, ಬ್ರೂಸ್ ಕ್ರಿಸ್ಟಿ ಎಂಬ ಬ್ರಿಟಿಷ್ ಸಂಶೋಧಕರು ದೂರಸಂಪರ್ಕದ ಸಾಮಾಜಿಕ ಮನೋವಿಜ್ಞಾನವನ್ನು ಕುರಿತು ಬರೆದ ಗ್ರಂಥದಲ್ಲಿ, ಎದುರಿರುವ ವ್ಯಕ್ತಿಯ ಸಾನ್ನಿಧ್ಯವನ್ನು ಎಷ್ಟರಮಟ್ಟಿಗೆ ತಂದುಕೊಡಬಲ್ಲದೆಂಬುದೇ ಒಂದು ಮಾಧ್ಯಮದ ಅಳತೆಗೋಲೆಂದು ಪ್ರತಿಪಾದಿಸಿದರು. ನೋಟ, ಸ್ವರ, ಮುಖಭಾವಗಳು ಕಳೆದುಹೋದಂತೆ ಸಂಬಂಧವೂ ಶುಷ್ಕವಾಗುವುದೆಂಬುದು ಅದರಿಂದ ಹೊರಟ ಅನುಮಾನ. ಬರಿಯ ಅಕ್ಷರಗಳಲ್ಲಿ ಯಾರು ತಾನೆ ಹೃದಯ ತೋಡಿಕೊಂಡಾರು ಎಂದು ಆ ಕಾಲದಲ್ಲಿ ಕೇಳುವುದು ಸಹಜವಾಗಿತ್ತು. ಶತಮಾನಗಳ ಪತ್ರವ್ಯವಹಾರದ ಪರಂಪರೆ ಇದ್ದೂ ಹಾಗೆ ಕೇಳಿದ್ದು ಸ್ವಲ್ಪ ಆಶ್ಚರ್ಯವೇ.

ಉತ್ತರವು ಬೇರೆ ದಿಕ್ಕಿನಿಂದ ಬಂದಿತು. ಅಮೆರಿಕದ ಕಂಪ್ಯೂಸರ್ವ್ ಸಂಸ್ಥೆಯು 1980ರಲ್ಲಿ ಗಣಕಯಂತ್ರದ ಚಂದಾದಾರರು ಏಕಕಾಲದಲ್ಲಿ ಅಕ್ಷರಗಳ ಮೂಲಕ ಹರಟುವ ಸೌಲಭ್ಯವನ್ನು ತೆರೆಯಿತು. ಅಲ್ಲಿ ‘ಜೋನ್’ ಎಂಬ ಹೆಸರಿನ ಮಹಿಳೆಯೊಬ್ಬಳು ಬಹುಬೇಗ ಎಲ್ಲರ ಪ್ರೀತಿಗೆ ಪಾತ್ರಳಾದಳು. ತಾನು ನ್ಯೂಯಾರ್ಕಿನ ಮನೋವಿಜ್ಞಾನಿ, ಕುಡಿದು ವಾಹನ ಓಡಿಸಿದವನೊಬ್ಬನಿಂದಾದ ಅಪಘಾತದಲ್ಲಿ ಪ್ರಿಯಕರನನ್ನು ಕಳೆದುಕೊಂಡವಳು, ಮುಖ ವಿಕಾರವಾಗಿ, ಮಾತು ಹೋಗಿ, ಗಾಲಿಕುರ್ಚಿಗೆ ಬಿದ್ದವಳು ಎಂದು ಆಕೆ ಹೇಳಿಕೊಂಡಿದ್ದಳು. ಆದರೂ ಆಕೆಯ ಬರವಣಿಗೆಯಲ್ಲಿ ಉಲ್ಲಾಸ ತುಂಬಿ ತುಳುಕುತ್ತಿತ್ತು. ನೊಂದ ಹೆಂಗಸರು ಆಕೆಯಲ್ಲಿ ಸಾಂತ್ವನ ಕಂಡರು. ಅಂಗವೈಕಲ್ಯವುಳ್ಳ ಹಲವರು ಆಕೆಯನ್ನು ನೋಡಿ ಧೈರ್ಯ ತಾಳಿದರು. ನೋಡಿ ಎಂದರೆ ಓದಿ. ಆಕೆಯನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ, ಏಕೆಂದರೆ ತನ್ನ ಸ್ಥಿತಿಯ ಕಾರಣದಿಂದ ಆಕೆ ಯಾರನ್ನೂ ಭೇಟಿಯಾಗಲು ಒಪ್ಪುತ್ತಿರಲಿಲ್ಲ.

ವಾಸ್ತವದಲ್ಲಿ ಜೋನ್ ಎಂಬುವಳೇ ಇರಲಿಲ್ಲ. ಆ ಅಕ್ಷರಗಳನ್ನು ಬರೆಯುತ್ತಿದ್ದವನು ಐವತ್ತರ ಆಸುಪಾಸಿನ, ಆರೋಗ್ಯವಂತನಾದ ಒಬ್ಬ ಮನೋವೈದ್ಯ. ಮೊದಲು ಲಿಂಗಸೂಚನೆಯಿಲ್ಲದ ವೃತ್ತಿನಾಮದಲ್ಲಿ ಬರೆಯುತ್ತಿದ್ದಾಗ ಒಬ್ಬಾಕೆ ಅವನನ್ನು ಹೆಣ್ಣೆಂದೇ ತಿಳಿದು ಮನಸ್ಸು ಬಿಚ್ಚಿ ಮಾತನಾಡಿದಳೆಂದೂ, ಹೆಂಗಸರು ತಮ್ಮ ತಮ್ಮಲ್ಲಿ ಆಡುವ ಮಾತಿನ ಆಪ್ತತೆಗೆ ಬೆರಗಾಗಿ ಅವನು ಜೋನಳನ್ನು ಸೃಷ್ಟಿಸಿದನೆಂದೂ ಹೇಳಲಾಗುತ್ತದೆ. ಆರಂಭದಲ್ಲಿ ಕುತೂಹಲವಿದ್ದಿರಬಹುದು, ಉಪಕಾರದ ಬುದ್ಧಿಯೂ ಇದ್ದಿರಬಹುದು. ಆದರೆ ಅಲ್ಲಿಗೇ ಅವನು ನಿಲ್ಲಲಿಲ್ಲ. ಜೋನಳ ಬಾಯಿಂದ ತನ್ನನ್ನೇ ಹೊಗಳಿಸಿ, ಆಕೆಯ ಗೆಳತಿಯರಿಗೆ ತನ್ನ ಪರಿಚಯ ಮಾಡಿಸಿಕೊಂಡು, ಅವರಲ್ಲಿ ಕೆಲವರೊಡನೆ ನಿಕಟ ಸಂಬಂಧವನ್ನೂ ಬೆಳೆಸಿದನು. ಕೊನೆಗೆ ವೇಷವನ್ನು ಕಳಚಲು ಬಯಸಿ, ಜೋನ್ ಆಸ್ಪತ್ರೆಯಲ್ಲಿ ಮರಣೋನ್ಮುಖಳಾಗಿದ್ದಾಳೆಂಬ ಸುದ್ದಿಯನ್ನು ಹಬ್ಬಿಸಿದನು. ಅವನು ಎಣಿಸದೇ ಇದ್ದುದು ಸ್ನೇಹಿತರ ಪ್ರೀತಿಯನ್ನು. ಅವರು ನೆರವಿಗೆ ಧಾವಿಸಿ ಆಸ್ಪತ್ರೆಗೆ ವಿಚಾರಿಸಿದರು. ಆ ಹೆಸರಿನ ರೋಗಿಯೇ ಇಲ್ಲವೆಂದು ತಿಳಿಯಿತು.

ಪತ್ರಕರ್ತೆ ಲಿಂಡ್ಸಿ ವ್ಯಾನ್ ಗೆಲ್ಡರ್ 1985ರಲ್ಲಿ ‘ಮಿಸ್’ ಪತ್ರಿಕೆಯಲ್ಲಿ ಈ ವೃತ್ತಾಂತವನ್ನು ಬರೆದಾಗ ದೊಡ್ಡ ಚರ್ಚೆಯಾಯಿತು. ಕೆಲವು ಹೆಂಗಸರು ತಮ್ಮ ಮನಸ್ಸಿನ ಮೇಲೆಯೇ ಅತ್ಯಾಚಾರವಾಯಿತೆಂದು ದುಃಖಿಸಿದರು. ಮುಖಭಾವವಿಲ್ಲದ ಮಾಧ್ಯಮದಲ್ಲಿ ಸಂಬಂಧ ಶುಷ್ಕವಾಗುವುದೆಂಬ 1976ರ ಅನುಮಾನ ಇಲ್ಲಿ ತಲೆಕೆಳಗಾದುದು ಸ್ಪಷ್ಟ. ಸ್ನೇಹ ಶುಷ್ಕವಾಗಿದ್ದರೆ ನೋವು ಅಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ. ಜೋನ್ ಸುಳ್ಳಾಗಿದ್ದಳು, ಆಕೆಯ ಮುಂದೆ ಸುರಿಸಿದ ಕಣ್ಣೀರು ಸುಳ್ಳಾಗಿರಲಿಲ್ಲ. ತನ್ನಿಂದ ಹಲವರಿಗೆ ಒಳಿತಾಯಿತೆಂಬ ಕಾರಣದಿಂದ ಆ ವೈದ್ಯನ ಅಪರಾಧ ಕಿರಿದಾಗುವುದಿಲ್ಲ. ವಿಶ್ವಾಸವೇ ಯಾರ ವೃತ್ತಿಯ ಬಂಡವಾಳವೋ ಅವರು ವಿಶ್ವಾಸವನ್ನು ಮುರಿದರೆ ಅದು ಇಮ್ಮಡಿ ದೋಷವೇ ಸರಿ.

ಹತ್ತು ವರ್ಷಗಳ ಬಳಿಕ, 1995ರಲ್ಲಿ, ಅಂತರಜಾಲವು ಮನೆಮನೆಗೆ ಕಾಲಿಡತೊಡಗಿತ್ತು. ಭಾರತದಲ್ಲಿಯೂ ಅದೇ ವರ್ಷದ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಅದನ್ನು ಸಾರ್ವಜನಿಕರಿಗೆ ತೆರೆಯಿತು. ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಬರ್ಟ್ ಕ್ರೌಟ್ ಮತ್ತು ಅವರ ಸಹೋದ್ಯೋಗಿಗಳು ಆಗ ಒಂದು ಅಧ್ಯಯನವನ್ನು ಕೈಗೊಂಡರು. ಆಯ್ದ ಕುಟುಂಬಗಳಿಗೆ ಗಣಕಯಂತ್ರವನ್ನೂ ದೂರವಾಣಿ ಸಂಪರ್ಕವನ್ನೂ ಒದಗಿಸಿ, ಒಂದೆರಡು ವರ್ಷಗಳಲ್ಲಿ ಅವರ ಜೀವನದಲ್ಲಿ ಏನು ಬದಲಾಯಿತೆಂದು ಪರೀಕ್ಷಿಸಿದರು. 73 ಮನೆಗಳ 169 ಮಂದಿಯ ಫಲಿತಾಂಶ 1998ರಲ್ಲಿ ಹೊರಬಂದಿತು. ಹೆಚ್ಚು ಬಳಸಿದವರು ಮನೆಯವರೊಡನೆ ಆಡುವ ಮಾತು ಕಡಿಮೆಯಾಗಿತ್ತು. ಅವರ ಪರಿಚಯದ ವಲಯ ಕಿರಿದಾಗಿತ್ತು. ಒಂಟಿತನ ಮತ್ತು ಖಿನ್ನತೆ ತುಸು ಹೆಚ್ಚಿದ್ದವು. ಜನರನ್ನು ಬೆಸೆಯಲೆಂದು ಬಂದ ಸಾಧನವೇ ಬೇರ್ಪಡಿಸುತ್ತಿದೆ ಎಂದು ಪತ್ರಿಕೆಗಳು ಮುಖಪುಟದಲ್ಲಿ ಸಾರಿದವು.

ಪ್ರಭಾವದ ಪ್ರಮಾಣ ಅತ್ಯಲ್ಪವೆಂಬುದನ್ನು ಓದುಗರು ಮರೆತರು. ಹೋಲಿಸಿ ನೋಡಲು ಅಂತರಜಾಲವಿಲ್ಲದ ಇನ್ನೊಂದು ಗುಂಪೇ ಆ ಅಧ್ಯಯನದಲ್ಲಿರಲಿಲ್ಲ ಎಂಬ ಆಕ್ಷೇಪವೂ ಬಂದಿತು. ಆಯ್ಕೆಯಾದ ಮನೆಗಳು ಪ್ರೌಢಶಾಲೆಯ ಮಕ್ಕಳಿರುವಂಥವು ಅಥವಾ ಸಾರ್ವಜನಿಕ ಸಂಸ್ಥೆಗಳಲ್ಲಿ ಓಡಾಡುವವರವು. ಶಾಲೆ ಮುಗಿಸಿದ ಹುಡುಗನ ಗೆಳೆಯರ ಬಳಗ ಚದುರುವುದಕ್ಕೆ ಗಣಕಯಂತ್ರವೇ ಬೇಕಾಗಿಲ್ಲ. ಇಲ್ಲಿ ಪ್ರಶಂಸಿಸಬೇಕಾದುದು ಸಂಶೋಧಕರ ನಡೆಯನ್ನು. ಅವರು ತಮ್ಮ ತೀರ್ಮಾನಕ್ಕೆ ಅಂಟಿಕೊಳ್ಳದೆ ಅದೇ ಜನರ ಬಳಿ ಮತ್ತೆ ಹೋದರು. 2002ರಲ್ಲಿ ಪ್ರಕಟವಾದ ಎರಡನೆಯ ವರದಿಯಲ್ಲಿ, ಹಿಂದೆ ಕಂಡಿದ್ದ ದುಷ್ಪರಿಣಾಮಗಳು ಬಹುಪಾಲು ಅಳಿಸಿಹೋಗಿವೆ ಎಂದು ತಾವೇ ಒಪ್ಪಿಕೊಂಡರು. ಹೊಸದೊಂದು ಗುಂಪನ್ನು ಪರೀಕ್ಷಿಸಿದಾಗ ಮತ್ತೊಂದು ಸಂಗತಿ ಹೊರಬಿತ್ತು: ಮೊದಲೇ ಸ್ನೇಹಶೀಲರಾಗಿದ್ದು ಬಂಧುಬಳಗದ ಆಸರೆ ಉಳ್ಳವರಿಗೆ ಅಂತರಜಾಲದಿಂದ ಲಾಭವಾಗಿತ್ತು, ಸಂಕೋಚದ ಸ್ವಭಾವದವರಿಗೂ ಆಸರೆಯಿಲ್ಲದವರಿಗೂ ಅಂಥ ಲಾಭವಿರಲಿಲ್ಲ. ಉಳ್ಳವರಿಗೇ ಮತ್ತಷ್ಟು ಕೂಡಿಬರುವ ಲೋಕನ್ಯಾಯ ಸ್ನೇಹಕ್ಕೂ ಅನ್ವಯಿಸುವುದು ನೋವಿನ ಸಂಗತಿ. ಮೊದಲ ವರದಿಗೆ ದೊರೆತ ಮುಖಪುಟ ಎರಡನೆಯದಕ್ಕೆ ದೊರೆಯಲಿಲ್ಲ.

ಕುತೂಹಲದ ಸಂಗತಿಯೆಂದರೆ, ಅದೇ ನಿಯತಕಾಲಿಕದ ಅದೇ ಸಂಚಿಕೆಯಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾಟಲಿನ್ ಮೆಕೆನ್ನಾ ಮತ್ತು ಜೊತೆಗಾರರ ಲೇಖನವೂ ಇತ್ತು. ಅದರಲ್ಲಿ ಒಂದು ಪ್ರಯೋಗ ಬಹಳ ಜಾಣ್ಮೆಯದು. ಕೆಲವು ವಿದ್ಯಾರ್ಥಿಗಳಿಗೆ, ‘ನೀವು ಒಬ್ಬರನ್ನು ಗಣಕಯಂತ್ರದ ಮೂಲಕವೂ ಇನ್ನೊಬ್ಬರನ್ನು ಎದುರಿನಲ್ಲಿಯೂ ಸಂಧಿಸುವಿರಿ’ ಎಂದು ತಿಳಿಸಲಾಯಿತು. ವಿದ್ಯಾರ್ಥಿಗಳು ಅರಿಯದ ವಿಷಯವೆಂದರೆ, ಆ ಇಬ್ಬರೂ ಒಬ್ಬರೇ ಆಗಿದ್ದರು. ಯಾರು ಹೆಚ್ಚು ಹಿಡಿಸಿದರೆಂದು ಕೇಳಿದಾಗ, ಅಕ್ಷರಗಳ ಮೂಲಕ ಪರಿಚಯವಾದ ವ್ಯಕ್ತಿಯ ಕಡೆಗೇ ಒಲವು ಹೆಚ್ಚಾಗಿತ್ತು. ಅದೇ ಮನುಷ್ಯ, ಅದೇ ಮನಸ್ಸು; ಮುಖವೊಂದು ನಡುವೆ ಬಂದೊಡನೆ ಪ್ರೀತಿಯ ತೂಕ ಇಳಿಯಿತು! ಇನ್ನೂ ಮುಖ್ಯವಾದುದು ಇದು: ಗಣಕಯಂತ್ರದ ಮೂಲಕ ಸಂಧಿಸಿದವರಲ್ಲಿ ಮಾತು ಎಷ್ಟು ಚೆನ್ನಾಗಿ ನಡೆಯಿತೆಂಬುದಕ್ಕೂ ಇಷ್ಟವಾಗುವುದಕ್ಕೂ ಸಂಬಂಧವಿತ್ತು, ಎದುರಿನಲ್ಲಿ ಸಂಧಿಸಿದವರಲ್ಲಿ ಆ ಸಂಬಂಧ ಕಾಣಲಿಲ್ಲ. ರೂಪ, ನಿಲುವು, ಉಡುಗೆಗಳು ಅಲ್ಲಿ ಮಾತಿಗಿಂತ ಮೊದಲೇ ತೀರ್ಪು ಬರೆದುಬಿಟ್ಟಿದ್ದವು. ಸಭೆಯಲ್ಲಿ ತಲೆ ತಗ್ಗಿಸಿ ಕೂರುವವರು, ಮುಖದಲ್ಲಿ ಮಚ್ಚೆಯಿರುವವರು, ತೊದಲುವವರು ಇವರಿಗೆಲ್ಲ ಈ ಫಲಿತಾಂಶದ ಅರ್ಥ ಬೇಗನೆ ತಿಳಿಯುತ್ತದೆ.

ಆದರೆ ಓದುಗನ ಒಲವು ಎಲ್ಲಿಂದ ಬಂದಿತೆಂಬುದನ್ನೂ ವಿಚಾರಿಸಬೇಕು. ಇದಕ್ಕೆ ಕಾರಣವನ್ನು ಜೋಸೆಫ್ ವಾಲ್ಥರ್ 1996ರಲ್ಲಿಯೇ ನಿರೂಪಿಸಿದ್ದರು. ಬರೆಯುವವನು ಬೇಕಾದುದನ್ನು ಆಯ್ದು, ತಿದ್ದಿ, ತನ್ನ ಉತ್ತಮ ಮುಖವನ್ನಷ್ಟೇ ಒಪ್ಪಿಸಬಲ್ಲ. ಓದುವವನು ಉಳಿದ ಖಾಲಿ ಜಾಗವನ್ನು ತನ್ನ ಆಸೆಯ ಬಣ್ಣಗಳಿಂದ ತುಂಬುತ್ತಾನೆ. ತುಂಬಿದವನು ತಾನೇ ಎಂಬುದು ಅವನಿಗೆ ನೆನಪಿರುವುದಿಲ್ಲ. ಹಾಗೆ ತುಂಬಿದ ಚಿತ್ರಕ್ಕೆ ತಕ್ಕಂತೆ ಅವನು ಪ್ರೀತಿಯಿಂದ ಉತ್ತರಿಸಿದಾಗ ಬರೆಯುವವನೂ ಆ ಚಿತ್ರದಂತೆಯೇ ಆಗಲು ಯತ್ನಿಸುತ್ತಾನೆ. ಹೀಗೆ ಒಬ್ಬರ ಕಲ್ಪನೆ ಇನ್ನೊಬ್ಬರನ್ನು ಪೋಷಿಸುತ್ತ ಆಪ್ತತೆಯು ಎದುರುಬದುರಿನ ಸ್ನೇಹಕ್ಕಿಂತ ವೇಗವಾಗಿ ಬೆಳೆಯುತ್ತದೆ. ಜೋನಳನ್ನು ಸೃಷ್ಟಿಸಿದವನು ವೈದ್ಯನೊಬ್ಬನೇ ಅಲ್ಲ. ಆಕೆಯನ್ನು ಪ್ರೀತಿಸಿದವರೂ ತಿಳಿಯದೆ ಅದರಲ್ಲಿ ಪಾಲುಗೊಂಡಿದ್ದರು. ಹಾಗೆಂದು ದೋಷದಲ್ಲಿ ಅವರಿಗೆ ಪಾಲಿಲ್ಲ.

ದೂರದ ಪರಿಚಯದಲ್ಲಿ ಎಲ್ಲರೂ ಸುಳ್ಳಾಡುತ್ತಾರೆಂಬ ಮಾತಿನಲ್ಲಿ ಎಷ್ಟು ನಿಜವಿದೆ? ಕ್ಯಾಟಲಿನಾ ಟೋಮಾ, ಜೆಫ್ರಿ ಹ್ಯಾನ್‌ಕಾಕ್, ನಿಕೋಲ್ ಎಲಿಸನ್ ಎಂಬುವರು ಸಂಗಾತಿಯನ್ನು ಹುಡುಕುವ ಜಾಲತಾಣಗಳಲ್ಲಿ ವಿವರ ಕೊಟ್ಟಿದ್ದ 80 ಮಂದಿಯನ್ನು ನ್ಯೂಯಾರ್ಕಿನಲ್ಲಿ ಕರೆಸಿ, ಎತ್ತರವನ್ನು ಅಳೆದು, ತೂಕ ನೋಡಿ, ವಾಹನ ಚಾಲನೆಯ ಪರವಾನಗಿಯಿಂದ ವಯಸ್ಸನ್ನು ತಾಳೆ ಹಾಕಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ 81 ಪ್ರತಿಶತ ಮಂದಿ ಈ ಮೂರರಲ್ಲಿ ಒಂದರಲ್ಲಾದರೂ ನಿಜವನ್ನು ಬದಲಿಸಿದ್ದರು. ಕೇಳಲು ಭಯಂಕರ. ಆದರೆ ಹೆಚ್ಚಿನ ಸುಳ್ಳುಗಳು ಎದುರಿಗೆ ನಿಂತರೂ ಗೊತ್ತಾಗದಷ್ಟು ಸಣ್ಣವು. ಮುಂದೊಂದು ದಿನ ಭೇಟಿಯಾಗಲೇಬೇಕೆಂಬ ಅರಿವು ಅವರ ಕೈಯನ್ನು ಹಿಡಿದಿತ್ತು. ಅಂಚೆಯಲ್ಲಿ ಬರುತ್ತಿದ್ದ ವಧೂವರರ ವಿವರಪತ್ರಗಳನ್ನೂ ಬೆಳಕು ನೋಡಿ ತೆಗೆಸಿದ ಭಾವಚಿತ್ರಗಳನ್ನೂ ಕಂಡ ನಮ್ಮ ಹಿರಿಯರು ಇದನ್ನು ಕೇಳಿ ನಕ್ಕಾರು. ಜೋನಳ ಸುಳ್ಳಿಗೆ ಮಿತಿಯಿಲ್ಲದೆ ಹೋದುದು ಆ ಭೇಟಿಯ ದಿನವನ್ನೇ ಅವನು ತಪ್ಪಿಸಿದ್ದರಿಂದ.

ಇಂದು ಈ ವಿಚಾರ ಕೆಲವರ ವಿಲಕ್ಷಣ ಅನುಭವವಾಗಿ ಉಳಿದಿಲ್ಲ. ಮೈಕೆಲ್ ರೋಸೆನ್‌ಫೆಲ್ಡ್ ಮತ್ತು ಸಂಗಡಿಗರು 2019ರಲ್ಲಿ ತಿಳಿಸಿದಂತೆ, ಅಮೆರಿಕದಲ್ಲಿ 2017ರಲ್ಲಿ ಜೊತೆಯಾದ ಗಂಡುಹೆಣ್ಣುಗಳ ಪೈಕಿ ಸುಮಾರು 39 ಪ್ರತಿಶತ ಅಂತರಜಾಲದ ಮೂಲಕ ಸಂಧಿಸಿದವರು. ಬಂಧುಮಿತ್ರರ ಮಧ್ಯಸ್ಥಿಕೆ ಆ ಮಟ್ಟಿಗೆ ಹಿಂದೆ ಸರಿದಿದೆ. ಹಾಗೆ ಆದ ಮದುವೆಗಳು ಮುರಿದುಬೀಳುವುದೇ ಹೆಚ್ಚೆಂಬ ಆತಂಕಕ್ಕೆ ಆಧಾರ ದೊರೆತಿಲ್ಲ. 2005ರಿಂದ 2012ರವರೆಗೆ ವಿವಾಹವಾದ 19,131 ಮಂದಿಯನ್ನು ಕುರಿತು 2013ರಲ್ಲಿ ಪ್ರಕಟವಾದ ಜಾನ್ ಕಾಸಿಯೊಪ್ಪೊ ಅವರ ಅಧ್ಯಯನದಲ್ಲಿ, ಅಂತರಜಾಲದಲ್ಲಿ ಸಂಧಿಸಿದವರ ವಿಚ್ಛೇದನೆ ಸುಮಾರು 6 ಪ್ರತಿಶತ, ಉಳಿದವರದು 7.6 ಪ್ರತಿಶತ. ಆ ಅಧ್ಯಯನಕ್ಕೆ ಹಣ ಕೊಟ್ಟದ್ದು ಸಂಗಾತಿಗಳನ್ನು ಹೊಂದಿಸುವ ಒಂದು ಜಾಲತಾಣ ಸಂಸ್ಥೆಯೇ ಎಂಬುದನ್ನೂ ಜೊತೆಯಲ್ಲಿಯೇ ಹೇಳಬೇಕು.

ಕುಟುಂಬಗಳ ದೃಷ್ಟಿಯಿಂದ ಇದಕ್ಕಿಂತ ಉಪಯುಕ್ತವಾದುದು, ಅಕ್ಷರದ ಪರಿಚಯ ಯಾವಾಗ ಮುಖದ ಪರಿಚಯವಾಗಬೇಕೆಂಬ ಪ್ರಶ್ನೆ. ಆರ್ಟೆಮಿಯೊ ರಮಿರೆಜ್ ಮತ್ತು ಇತರರು 2015ರಲ್ಲಿ ಇದನ್ನು ಪರಿಶೀಲಿಸಿದರು. ಸ್ವಲ್ಪ ಕಾಲ ಬರೆದು ಬಳಿಕ ಸಂಧಿಸಿದವರಿಗೆ ಮೊದಲ ಭೇಟಿ ಹಿತವಾಗಿತ್ತು. ಬರವಣಿಗೆಯನ್ನು ದೀರ್ಘಕಾಲ ಎಳೆದವರಿಗೆ ಅದು ಕಹಿಯಾಯಿತು. ಕಲ್ಪನೆಯ ಚಿತ್ರ ಒಣಗಿ ಗಟ್ಟಿಯಾಗುವುದಕ್ಕೆ ಮೊದಲೇ ನಿಜವಾದ ಮುಖ ಬಂದರೆ ಮನಸ್ಸು ಅದಕ್ಕೆ ಎಡೆ ಮಾಡಿಕೊಡುತ್ತದೆ. ತಡವಾದರೆ ಬಂದವನೇ ಪರಕೀಯನಾಗಿ ತೋರುತ್ತಾನೆ.

ಜೋನಳ ಗುಟ್ಟು ಬಯಲಾದ ಮೇಲೆ ಆಕೆಯ ಸ್ನೇಹಿತೆಯರೆಲ್ಲರೂ ಆ ವೈದ್ಯನನ್ನು ದೂರ ತಳ್ಳಲಿಲ್ಲ. ಕೆಲವರು ಕೋಪವನ್ನು ನುಂಗಿಕೊಂಡು, ಇಷ್ಟು ದಿನ ತಮಗೆ ಆಸರೆಯಾದ ಮನಸ್ಸು ಇವನಲ್ಲಿಯೇ ಇರಬೇಕಲ್ಲವೆ ಎಂದು, ಅವನದೇ ಹೆಸರಿನಲ್ಲಿ ಅವನೊಡನೆ ಮಾತು ಮುಂದುವರಿಸಲು ಪ್ರಯತ್ನಿಸಿದರು. ಆದರೆ ಜೋನಳ ಆ ಉಲ್ಲಾಸ, ಆ ಸಲಿಗೆ ಅವನ ಮಾತಿನಲ್ಲಿ ಅವರಿಗೆ ದೊರೆಯಲಿಲ್ಲ.